ಎಂಟು ದಿನದ ಮಟ್ಟಿಗೆ ಒಂದು ಸ್ಟ್ಯಾಂಡು

ನಮ್ಮಪ್ಪ ಊರವರ ಹೆಣ್ಣುಮಕ್ಕಳನ್ನು ಅಳಿಸಿ ಹೆಸರು ಮಾಡಿದವನು. ಹುಬ್ಬೇರಿಸಬೇಡಿ. ಅಳಿಸಲೆಂದೇ ಅವನನ್ನು ಕರೆಯುತ್ತಿದ್ದರು. ಅಳಿಸಿದ ಮೇಲೆ ಕೈಹಿಡಿದು ಕರೆದೊಯ್ದು ಊಟಕ್ಕೆ ಕೂರಿಸುತ್ತಿದ್ದರು, ಚೆನ್ನಾಗಿ ಅಳಿಸಿದ್ದರೆ ಎಲೆಗೆ ಎರಡನೇ ಸಲ ಪಾಯಸ ಬೀಳುತ್ತಿತ್ತು. ಅಂಥವನು ಹೋದ ವರ್ಷ ತೀರಿಕೊಂಡಾಗ ಅವನ ಸ್ವಂತ ಹೆಂಡತಿ, ಅಂದರೆ ನಮ್ಮಮ್ಮ, ಒಂದು ಹನಿ ಕಣ್ಣೀರು ಹಾಕಲಿಲ್ಲ. ಅದರಿಂದ ನಮ್ಮ ಮನೆಯಲ್ಲಿ ಎದ್ದ ಗಲಾಟೆ ಸಾವಿನ ಗಲಾಟೆಗಿಂತ ದೊಡ್ಡದಾಯಿತು.

ಅಪ್ಪನದು ಹೊನ್ನಾವರದ ಬಜಾರಿನಲ್ಲಿ ಹೊಲಿಗೆ ಮಿಷನ್ ರಿಪೇರಿಯ ಅಂಗಡಿ. ಅಂಗಡಿಯೆಂದರೆ ಹಲಗೆಯ ಬಾಗಿಲು, ಒಂದು ಸ್ಟೂಲು, ಎಣ್ಣೆ ಕುಡಿದು ಕಪ್ಪಾದ ಒಂದು ಮೇಜು, ಅಷ್ಟೇ. ಮದುವೆ ಸೀಜನ್ ಶುರುವಾಯಿತೆಂದರೆ ಅದಕ್ಕೆ ಬೀಗ. ಆಮೇಲೆ ಭಟ್ಕಳದಿಂದ ಕುಮಟೆಯವರೆಗೆ ಯಾವ ಮದುವೆ ಹಾಲಿನವರು ಕರೆದರೆ ಆ ಹಾಲಿಗೆ ಗಿಟಾರು ಹೊತ್ತು ಓಡುವುದು. ಗಿಟಾರೆಂದರೆ ಎದೆಗವಚಿಕೊಂಡು ಕೂದಲು ಕೊಡವುತ್ತ ಬಾರಿಸುವಂಥದ್ದಲ್ಲ. ಇದನ್ನು ಅಡ್ಡ ಮಲಗಿಸಿ ಬಾರಿಸಬೇಕು. ಬಲಗೈಯಿಂದ ತಂತಿ ಮೀಟಿ, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಯ ಮೇಲೆ ಜಾರಿಸಬೇಕು. ಆಗ ಸ್ವರ ಒಂದರಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಮೂಗು ಒರೆಸಿಕೊಳ್ಳುತ್ತ ನಡೆದುಕೊಂಡು ಹೋಗುತ್ತದೆ.

ನಮ್ಮ ಕಡೆ ಹೆಣ್ಣು ಒಪ್ಪಿಸಿಕೊಡುವ ಹೊತ್ತಿನಲ್ಲಿ ಮದುಮಗಳು ಅಳಬೇಕು. ಅಳದಿದ್ದರೆ ಮರುದಿನದಿಂದಲೇ ಮಾತು ಶುರು: ‘ಹುಡ್ಗಿಗೆ ಹೋಗುಕೇ ಗಡಿಬಿಡಿ ಇತ್ತು ಕಾಣ್ತದೆ.’ ತಾಯಿಯ ಮನೆಗೂ ಕೆಟ್ಟ ಹೆಸರು, ಗಂಡಿನ ಮನೆಗೂ ಅನುಮಾನ. ಪಾಪ, ಬೆಳಿಗ್ಗೆಯಿಂದ ಹೋಮದ ಹೊಗೆ ಕುಡಿದು, ಹಸಿದು, ಮುನ್ನೂರು ಜನರ ಕಾಲಿಗೆ ಬಿದ್ದು ಎದ್ದ ಹುಡುಗಿಗೆ ಅಳು ಎಲ್ಲಿಂದ ಬರಬೇಕು? ಅಲ್ಲಿ ಅಪ್ಪನ ಕೆಲಸ. ಮದುಮಗಳ ಕೈಯನ್ನು ಅತ್ತೆಯ ಕೈಗೆ ಕೊಡುವಾಗ ಅವನ ಗಿಟಾರು ಶುರುವಾಗುತ್ತಿತ್ತು. ಮೊದಲು ತಾಯಿ, ಆಮೇಲೆ ಮದುಮಗಳು, ಅವಳ ಹಿಂದೆ ಗೆಳತಿಯರು, ಕೊನೆಗೆ ಅಡುಗೆಯವರೂ ಸೌಟು ಹಿಡಿದುಕೊಂಡೇ ಮೂಗು ಸೀನುವವರೆಗೆ ಅವನು ಬಿಡುತ್ತಿರಲಿಲ್ಲ. ಮನೆಗೆ ಬಂದು ಅಂಗಿ ಬಿಚ್ಚುತ್ತ ವರದಿ ಒಪ್ಪಿಸುತ್ತಿದ್ದ: ‘ಇವತ್ತು ಗಂಡಿನ ಬದಿಯವರೂ ಅತ್ರು ಮಾರಾಯ್ತಿ. ಫೋಟೋದವ್ನಿಗೆ ಫೋಟೋ ತೆಗೆಯುಕೇ ಆಗ್ಲಿಲ್ಲ.’

ಶುರುವಿನಲ್ಲಿ ಅವನ ಹತ್ತಿರ ಇದ್ದದ್ದು ತೊಡೆಯ ಮೇಲಿಟ್ಟು ಬಾರಿಸುವ ಸಾದಾ ಸ್ಟೀಲ್ ಗಿಟಾರು. ಹಡಗಿನಲ್ಲಿ ಕೆಲಸಕ್ಕಿದ್ದು ಬಂದ ಯಾರೋ ಕೊಟ್ಟದ್ದು. ಒಂದು ದಿನ ಭಟ್ಕಳದ ನವಾಯತಿ ಮುಸ್ಲಿಮರ ಮನೆಯೊಂದಕ್ಕೆ ಮಿಷನ್ ಜೋಡಿಸಲು ಹೋದ. ದುಬೈಯಿಂದ ಬಂದ ಹೊಸ ಮಿಷನ್ನು, ಅದರ ಸುತ್ತ ತುರುಕಿದ ಇಂಗ್ಲಿಷ್ ಪತ್ರಿಕೆಯ ಹಾಳೆಗಳು. ಒಂದು ಹಾಳೆಯಲ್ಲಿ ದೊಡ್ಡ ಟೊಪ್ಪಿಗೆಯ ಬಿಳಿಯನೊಬ್ಬ ಮೇಜಿನಂಥ ಗಿಟಾರಿನ ಮುಂದೆ ಕೂತಿದ್ದ. ಕೆಳಗೆ ಕಾಲಿನ ಹತ್ತಿರ ಪೆಡಲುಗಳು. ಮನೆಯ ಯಜಮಾನಿ ‘ಲೇ ಜಾವ್ ಮಾಸ್ಟರ್, ರದ್ದೀ ಹೈ’ ಎಂದರಂತೆ. ಅಪ್ಪ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದ.

ಬೇರೆ ಯಾರೇ ಆಗಿದ್ದರೂ ಅದೇನೋ ವಿದೇಶಿ ವಾದ್ಯ, ನಮಗೆಟುಕದ್ದು ಎಂದುಕೊಂಡು ಸುಮ್ಮನಾಗುತ್ತಿದ್ದರು. ಹುಟ್ಟಿದಾಗಿನಿಂದ ಹೊಲಿಗೆ ಮಿಷನ್ ಬಿಟ್ಟು ಬೇರೇನೂ ಕಂಡಿರದ ನಮ್ಮಪ್ಪನಿಗೆ ಮಾತ್ರ ಆ ಚಿತ್ರ ಸ್ಪಷ್ಟವಾಗಿಯೇ ಅರ್ಥವಾಯಿತು. ಮೇಲೆ ಮೇಜು, ಕೆಳಗೆ ಪೆಡಲು. ಅಮೆರಿಕದವರು ಹೊಲಿಗೆ ಮಿಷನ್ನಿನ ಸ್ಟ್ಯಾಂಡಿನ ಮೇಲೆ ಗಿಟಾರು ಕೂರಿಸಿದ್ದಾರೆ! ಅದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಸಾಯುವವರೆಗೂ ಬರಲಿಲ್ಲ. ಆ ವಾದ್ಯವೇ ಬೇರೆ, ಅದಕ್ಕೂ ಹೊಲಿಗೆಗೂ ಸಂಬಂಧವಿಲ್ಲ ಎಂದು ನಾನು ಫೋನಿನಲ್ಲಿ ತೋರಿಸಿದಾಗಲೂ, ‘ಈಗಿನವ್ರು ಬದಲು ಮಾಡಿದಾರೆ’ ಎಂದುಬಿಟ್ಟ.

ಅಂಗಡಿಯಲ್ಲಿದ್ದ ಸ್ಟ್ಯಾಂಡುಗಳೆಲ್ಲ ಗಿರಾಕಿಗಳವು. ಮನೆಯಲ್ಲಿ ಒಂದಿತ್ತು, ಅಮ್ಮನದು. ಮದುವೆಯಲ್ಲಿ ತವರಿನವರು ಕೊಟ್ಟ ಮಿಷನ್ನು, ಕೇರಿಯ ರವಿಕೆಗಳನ್ನೆಲ್ಲ ಅದರಲ್ಲೇ ಹೊಲಿಯುತ್ತಿದ್ದಳು. ‘ಎಂಟು ದಿನದ ಮಟ್ಟಿಗೆ ಕೊಡೆ, ನೋಡಿ ವಾಪಸ್ ಇಡ್ತೆ’ ಎಂದು ಅಪ್ಪ ಸ್ಟ್ಯಾಂಡು ಎತ್ತಿದ. ಬಸ್ ಸ್ಟ್ಯಾಂಡಿನ ಹಿಂದೆ ಸ್ಕೂಟರ್ ಗ್ಯಾರೇಜಿಟ್ಟಿದ್ದ ಅವನ ಗೆಳೆಯ, ನಾನು ಮಾಮ ಎಂದು ಕರೆಯುವವರು, ಜೊತೆಗೆ ಸೇರಿಕೊಂಡರು. ಇಬ್ಬರೂ ಸೇರಿ ದೊಡ್ಡ ಚಕ್ರ ಕಳಚಿ ಅಟ್ಟಕ್ಕೆಸೆದರು. ಪೆಡಲಿನಿಂದ ತಂತಿಗಳ ತುದಿಯವರೆಗೆ ಸ್ಕೂಟರಿನ ಕ್ಲಚ್ ಕೇಬಲ್ ಎಳೆದರು. ಬೆರಳಿನ ಕಡೆ ಒತ್ತಿದರೆ ಒಂದು ತಂತಿ ಬಿಗಿದು ಸ್ವರ ಮೇಲೇರುತ್ತಿತ್ತು, ಹಿಮ್ಮಡಿಯ ಕಡೆ ಒತ್ತಿದರೆ ಇನ್ನೊಂದು ಸಡಿಲಾಗಿ ಕೆಳಗಿಳಿಯುತ್ತಿತ್ತು. ಕಾಲು ಜಾರಬಾರದೆಂದು ಪೆಡಲಿನ ಮೇಲೆ ತನ್ನ ಹಳೇ ಚಪ್ಪಲಿಯ ಅಟ್ಟೆಯನ್ನು ಸ್ಕ್ರೂ ಹಾಕಿ ಕೂರಿಸಿದ. ಅದರಲ್ಲಿ ಅವನ ಹೆಬ್ಬೆರಳಿನ ಗುಳಿ ಮೊದಲೇ ಬಿದ್ದಿತ್ತು.

ಎಂಟು ದಿನ ಕಳೆಯಿತು. ಎಂಟು ವರ್ಷ ಕಳೆಯಿತು. ಅಮ್ಮ ಮೊದಮೊದಲು ಕೇಳಿದಳು, ಆಮೇಲೆ ಜಗಳವಾಡಿದಳು, ಆಮೇಲೆ ಮಿಷನ್ನಿನ ತಲೆಗೆ ಕೈಯಿಂದ ತಿರುಗಿಸುವ ಹಿಡಿ ಹಾಕಿಸಿಕೊಂಡು ನೆಲದ ಮೇಲೆ ಚಾಪೆ ಹಾಸಿ ಕೂತಳು. ಮೂರು ತಾಲೂಕಿನ ಮಿಷನ್ ರಿಪೇರಿ ಮಾಡುವವನ ಹೆಂಡತಿ ನೆಲದ ಮೇಲೆ ಕೂತು ಒಂದು ಕೈಯಲ್ಲಿ ಹಿಡಿ ತಿರುಗಿಸಿ, ಇನ್ನೊಂದು ಕೈಯಲ್ಲಿ ಬಟ್ಟೆ ದೂಡುತ್ತ ಹೊಲಿಯುವುದನ್ನು ನೋಡಿ ಕೇರಿಯವರು ನಗುತ್ತಿದ್ದರು. ಎದುರಿಗೆ ಅಪ್ಪ ಕುರ್ಚಿಯ ಮೇಲೆ ಮಹಾರಾಜನ ಹಾಗೆ ಕೂತು ಅದೇ ಹೆಣ್ಣೊಪ್ಪಿಸುವ ರಾಗವನ್ನು ದಿನಾ ಸಂಜೆ ತಿದ್ದುತ್ತಿದ್ದ.

ಕಬ್ಬಿಣದ ಆ ಸ್ಟ್ಯಾಂಡು ಬಸ್ಸಿನ ಟಾಪಿನ ಮೇಲೆ ಪ್ರಯಾಣ ಮಾಡುತ್ತಿತ್ತು. ಅದನ್ನು ಮೊದಲ ಸಲ ಒಯ್ದದ್ದು ಅಘನಾಶಿನಿಯ ಒಂದು ಮದುವೆಗೆ. ಅಪ್ಪ ಸ್ಟ್ಯಾಂಡು ಜೋಡಿಸಿ ಗಿಟಾರಿನ ಪೆಟ್ಟಿಗೆ ತೆರೆಯುವುದರೊಳಗೆ ಮದುಮಗಳ ಚಿಕ್ಕಮ್ಮ ಕಂಕುಳಲ್ಲಿ ಮೂರು ರವಿಕೆ ಹಿಡಿದು ಬಂದರಂತೆ. ‘ಟೇಲರನ್ನೂ ಕರ್ಸಿದಾರೆ, ಬದಿ ಒಂಚೂರು ಬಿಡ್ಸಿ ಕೊಡಿ, ಉಸ್ರಾಡುಕಾಗ್ತಿಲ್ಲ’ ಎಂದರಂತೆ. ಅಪ್ಪನಿಗೆ ಅವಮಾನವೇನೂ ಆಗಲಿಲ್ಲ. ಕೂತು ಬ್ಲೇಡಿನಲ್ಲಿ ಹೊಲಿಗೆ ಬಿಡಿಸಿ, ಕೈಯಲ್ಲೇ ನಾಲ್ಕು ಹೊಲಿಗೆ ಹಾಕಿ ಕೊಟ್ಟು, ಆಮೇಲೆ ಅದೇ ಚಿಕ್ಕಮ್ಮನನ್ನು ಅಳಿಸಿ ಬಂದ. ‘ಉಸ್ರಾಡುಕೆ ಜಾಗ ಆದ್ಮೇಲೆ ಎಷ್ಟು ಚೊಲೋ ಅತ್ರು ಗೊತ್ತುಂಟಾ’ ಎಂದು ಹೇಳಿಕೊಂಡು ತಿರುಗಿದ.

ನನ್ನ ಮದುವೆ ಕುಮಟೆಯಲ್ಲಾಯಿತು. ಅಪ್ಪನೇ ಬಾರಿಸುವುದೆಂದು ಎಲ್ಲರಿಗೂ ಗೊತ್ತಿತ್ತು. ನಾನು ಕರವಸ್ತ್ರ ಸಮೇತ ತಯಾರಾಗಿದ್ದೆ, ಇಂಥವನ ಮಗಳು ಅಳದಿದ್ದರೆ ಹೇಗೆ? ಅತ್ತೆಯ ಕೈಗೆ ನನ್ನ ಕೈ ಕೊಟ್ಟರು. ಹಾಲಿನ ತುಂಬ ಜನ ಸೆರಗು ಕೈಗೆ ತೆಗೆದುಕೊಂಡು ಕಾದರು. ಅಪ್ಪ ಶುರು ಮಾಡಿದ್ದು ದಿಬ್ಬಣ ಬರುವಾಗ ಬಾರಿಸುವ ಕುಣಿತದ ಗತ್ತು! ಮಕ್ಕಳೆಲ್ಲ ಮಂಟಪದ ಮುಂದೆ ಕುಣಿಯತೊಡಗಿದವು. ನನಗೆ ನಗು ತಡೆಯಲಾಗಲಿಲ್ಲ. ಆಲ್ಬಮ್ಮಿನಲ್ಲಿ ಈಗಲೂ ನೋಡಬಹುದು, ತವರು ಬಿಟ್ಟು ಹೊರಟ ಹೆಣ್ಣು ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು ನಿಂತಿದೆ. ಶಿರಾಲಿಯಲ್ಲಿರುವ ನನ್ನ ಸೋದರತ್ತೆ, ಅಪ್ಪನ ತಂಗಿ, ಅಲ್ಲೇ ಅವನ ಮೇಲೆ ಹರಿಹಾಯ್ದಳು. ಅಪ್ಪ ಹೇಳಿದ್ದು ಇಷ್ಟೇ: ‘ಕಂಡವ್ರ ಮಕ್ಕಳನ್ನೆಲ್ಲ ಅಳ್ಸಿದೆ, ಸಾಕು. ಇದು ನಂದು.’

ಕ್ರಮೇಣ ಮದುವೆಗಳಿಗೆ ಕೀಬೋರ್ಡಿನವನು ಬಂದ, ಆಮೇಲೆ ಡಿ.ಜೆ. ಬಂದ. ಈಗ ಮದುಮಗಳೇ ಕಪ್ಪು ಕನ್ನಡಕ ಹಾಕಿಕೊಂಡು ಕುಣಿಯುತ್ತ ಮಂಟಪಕ್ಕೆ ಬರುತ್ತಾಳೆ. ‘ಮೇಕಪ್ಪು ಹಾಳಾಗ್ತದೆ ಅಂತ ಅಳೂದೇ ಬಿಟ್ಟಿದ್ವು’ ಎಂದು ಅಪ್ಪ ಗೊಣಗಿದ. ಕರೆ ನಿಂತರೂ ಸಂಜೆಯ ಅಭ್ಯಾಸ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲೇ ಗೋಡೆಗೊರಗಿದ. ಹೃದಯ ನಿಂತಿತ್ತು. ಕೈಯಲ್ಲಿ ಯಾರದೋ ಮಿಷನ್ನಿನ ಬಾಬಿನ್ನು ಇತ್ತು. ಮೂರನೇ ದಿನ ಮಾತನಾಡಿಸಲು ಬಂದವರೊಬ್ಬರು ಚಹಾ ಕುಡಿದು, ನಿಟ್ಟುಸಿರು ಬಿಟ್ಟು, ಆ ಬಾಬಿನ್ನು ತಮ್ಮದೆಂದು ಕೇಳಿ ತೆಗೆದುಕೊಂಡು ಹೋದರು.

ಅಮ್ಮ ಅಳಲಿಲ್ಲ. ಹೆಣ ಮನೆಗೆ ಬಂದಾಗ ಅಳಲಿಲ್ಲ, ಎತ್ತುವಾಗ ಅಳಲಿಲ್ಲ. ಸೋದರತ್ತೆ ಶಿರಾಲಿಯಿಂದ ಬಂದವಳೇ ಅಂಗಳದಲ್ಲೇ ಶುರು ಮಾಡಿ, ಅಮ್ಮನ ಕೊರಳಿಗೆ ಬಿದ್ದು ಗೊಳೋ ಎಂದಳು. ಅಮ್ಮ ಅವಳ ಬೆನ್ನು ತಟ್ಟಿ, ‘ಉಂಡ್ಕಂಡು ಬಂದಿದ್ಯನೆ? ಇಲ್ಲದ್ರೆ ಅವಲಕ್ಕಿ ಉಂಟು’ ಎಂದಳು. ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸೋದರತ್ತೆಗೆ ಎರಡು ಹೆದರಿಕೆ. ಒಂದು, ಜನ ಏನೆಂದಾರು. ಇನ್ನೊಂದು ನಿಜವಾದದ್ದು. ಅವರ ಕೇರಿಯಲ್ಲಿ ಹೀಗೇ ಅಳದೆ ಕೂತ ಒಬ್ಬಳು ತಿಂಗಳೊಳಗೆ ಗಂಡನ ಹಿಂದೆಯೇ ಹೋಗಿದ್ದಳಂತೆ. ‘ದುಃಖ ಎದೆಲ್ಲಿ ಹೆಪ್ಪುಗಟ್ಟಿದ್ರೆ ಎಂತ ಮಾಡೂದೆ? ಅಣ್ಣ ಹೋದ, ಅತ್ತಿಗೆನೂ ಹೋದ್ರೆ?’ ಎಂದು ನನ್ನನ್ನು ಬಚ್ಚಲಿನ ಹತ್ತಿರ ಎಳೆದೊಯ್ದು ಕೇಳಿದಳು. ಕುಮಟೆಯಲ್ಲಿ ನಾನೊಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ‘ನೀ ಮೆಡಿಕಲ್‌ನಲ್ಲಿ ಇದ್ದವ್ಳು, ಅಳು ಬರು ಗುಳಿಗೆ ಎಂತಾರೂ ಇಲ್ವನೆ?’ ಎಂದಳು. ನಗು ಬಂತು, ಆದರೆ ಹೆದರಿಕೆಯೂ ಆಯಿತು. ಅಮ್ಮ ಊಟ ಮಾಡುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು, ಬಂದವರಿಗೆಲ್ಲ ಕೊಬ್ಬರಿಯ ಧಾರಣೆ ಹೇಳುತ್ತಿದ್ದಳು. ಅವಳ ಕಣ್ಣು ಮಾತ್ರ ಯಾವ ಮುಖದ ಮೇಲೂ ನಿಲ್ಲುತ್ತಿರಲಿಲ್ಲ, ನೆಲ ನೋಡುತ್ತಿತ್ತು. ಅಪ್ಪನನ್ನು ಕಳೆದುಕೊಂಡಾಗಿತ್ತು, ಇವಳನ್ನೂ ಕಳೆದುಕೊಳ್ಳಲು ನನ್ನಿಂದಾಗುತ್ತಿರಲಿಲ್ಲ.

ಅತ್ತೆ ಮಾಡದ ಉಪಾಯವಿಲ್ಲ. ಸೂತಕದಲ್ಲಿ ನೀರುಳ್ಳಿ ಹೆಚ್ಚುವಂತಿರಲಿಲ್ಲ, ಹಾಗಾಗಿ ಆ ದಾರಿ ಮುಚ್ಚಿತ್ತು. ಅಪ್ಪನ ಕನ್ನಡಕ ತಂದು ಎದುರಿಗಿಟ್ಟಳು, ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಕಪಾಟಿನಲ್ಲಿಟ್ಟಳು. ಕೊನೆಗೆ ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಮೂರು ತಾಲೂಕನ್ನು ಅಳಿಸಿದ ಔಷಧಿ ನನ್ನ ಫೋನಿನಲ್ಲೇ ಇತ್ತು! ಹಿಂದಿನ ದೀಪಾವಳಿಗೆ ಬಂದಾಗ ಅಪ್ಪ ಆ ರಾಗ ಬಾರಿಸುವುದನ್ನು ನಾನು ವಿಡಿಯೋ ಮಾಡಿಟ್ಟಿದ್ದೆ. ಅಮ್ಮನನ್ನು ಕೂರಿಸಿ ಹಚ್ಚಿದೆ. ಮೊದಲನೇ ಸಾಲಿಗೇ ಅತ್ತೆ ಗೋಡೆ ಹಿಡಿದುಕೊಂಡಳು. ಅಮ್ಮ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, ತಲೆಕೆಳಗೆ ಮಾಡಿ ನೋಡಿ ವಾಪಸು ಕೊಟ್ಟಳು.

‘ಇದ್ರಲ್ಲಿ ಅವ್ರೇ ಇಲ್ಲ’ ಎಂದಳು.

‘ಅಮ್ಮಾ, ಅದು ಅಪ್ಪನೇ. ಮುಖ ಕಾಣ್ತಿಲ್ವ? ಕೈ ಕಾಣ್ತಿಲ್ವ?’

‘ಕಾಣ್ತದೆ. ಮುಖ ಉಂಟು, ಕೈ ಉಂಟು’ ಎಂದವಳು ಎದ್ದು ಅನ್ನಕ್ಕಿಡಲು ಹೋದಳು. ತಲೆ ಕೆಟ್ಟಿದೆಯೋ ಏನೋ ಎಂದು ಅತ್ತೆ ಕೈಸನ್ನೆ ಮಾಡಿದಳು.

ಹನ್ನೆರಡನೇ ದಿನದ ಊಟ ಮುಗಿದು ನೆಂಟರು ಚದುರಿದರು. ಅತ್ತೆ ಮಾತ್ರ, ಅತ್ತಿಗೆ ಅಳದ ಹೊರತು ಬಸ್ಸು ಹತ್ತುವವಳಲ್ಲವೆಂದು ಉಳಿದುಕೊಂಡಳು. ಮರುದಿನ ಬೆಳಿಗ್ಗೆ ಅಮ್ಮ ಗ್ಯಾರೇಜಿನ ಮಾಮನಿಗೆ ಫೋನು ಮಾಡಿಸಿದಳು. ಅವರು ಪಾನಾ, ಸ್ಕ್ರೂಡ್ರೈವರು ಹಿಡಿದು ಬಂದಾಗಲೇ ನಮಗೆ ಗೊತ್ತಾದದ್ದು. ಅಮ್ಮನಿಗೆ ತನ್ನ ಸ್ಟ್ಯಾಂಡು ಬೇಕಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ‘ಅಪ್ಪನ ಬೂದಿ ಆರ್ಲಿಲ್ಲ, ಅಷ್ಟ್ರಲ್ಲಿ ಅವ್ನ ಗಿಟಾರು ಬಿಚ್ಸ್ತೀಯ? ಅವ್ನದ್ದು ಅಂತ ಉಳ್ದಿದ್ದು ಅದೊಂದೇ!’

‘ಎಂಟು ದಿನಕ್ಕೆ ಅಂತ ತಕಂಡು ಹೋದದ್ದು. ನನ್ನ ಸಾಮಾನು ನಾ ಕೇಳೂಕೆ ಯಾರ ಅಪ್ಪಣೆ ಬೇಕೆ?’ ಎಂದಳು ಅಮ್ಮ, ತಣ್ಣಗೆ.

ಅತ್ತೆ ದೇವರ ಕೋಣೆಯ ಹೊಸ್ತಿಲ ಮೇಲೆ ಕೂತು, ಹೀಗೂ ಉಂಟೇ ಎಂದು ಹಣೆ ಚಚ್ಚಿಕೊಂಡಳು. ಮಾಮ ಪಾಪ ಯಾರ ಮುಖವನ್ನೂ ನೋಡದೆ ಗಿಟಾರು ಬಿಚ್ಚಿ ಮಂಚದ ಮೇಲೆ ಮಲಗಿಸಿದರು. ಕ್ಲಚ್ ಕೇಬಲ್ಲುಗಳನ್ನು ಸುರುಳಿ ಸುತ್ತಿದರು. ಅಟ್ಟದಿಂದ ದೊಡ್ಡ ಚಕ್ರ ಇಳಿಸಿ, ಜೇಡರ ಬಲೆ ಒರೆಸಿ ಎಣ್ಣೆ ಬಿಟ್ಟರು. ಪೆಡಲಿನ ಮೇಲಿದ್ದ ಚಪ್ಪಲಿಯ ಅಟ್ಟೆಗೆ ಸ್ಕ್ರೂಡ್ರೈವರು ಇಟ್ಟಾಗ ಅಮ್ಮ ತಡೆದಳು. ‘ಅದು ಇರ್ಲಿ.’

‘ಎಂತಕ್ಕೆ ಅಕ್ಕ? ಹಾಳು ಚಪ್ಪಲಿ.’

‘ಇರ್ಲಿ ಅಂದೆ.’

ಮಿಷನ್ನಿನ ತಲೆ ಸ್ಟ್ಯಾಂಡಿನ ಮೇಲೆ ಕೂತಿತು, ಹೊಸ ಬೆಲ್ಟು ಬಿತ್ತು. ಅಮ್ಮ ಅಪ್ಪನ ಕುರ್ಚಿಯ ಮೇಲೆ ಕೂತಳು. ನಾನು ಹೈಸ್ಕೂಲಿಗೆ ಹೋಗುವಾಗಿನಿಂದ ನೆಲದ ಮೇಲೆಯೇ ಕೂತು ಹೊಲಿದವಳು ಈಗ ಮೇಲೆ ಕೂತದ್ದು ನೋಡಲು ವಿಚಿತ್ರವಾಗಿತ್ತು. ಸೂಜಿಗೆ ದಾರ ಪೋಣಿಸಿ, ಅಪ್ಪನ ಹಳೇ ಲುಂಗಿಯ ತುಂಡೊಂದನ್ನು ಕೆಳಗಿಟ್ಟು, ಪೆಡಲಿನ ಮೇಲೆ ಕಾಲಿಟ್ಟಳು. ಆ ಹೆಬ್ಬೆರಳ ಗುಳಿಯಲ್ಲಿ ಅವಳ ಬೆರಳು ಎಲ್ಲೋ ಒಂದು ಮೂಲೆಗೆ ಕೂತಿತು. ಒತ್ತಿದಳು. ಮಿಷನ್ನು ಹಿಂದಕ್ಕೆ ತಿರುಗಿ ದಾರ ಕಡಿಯಿತು. ಮತ್ತೆ ಪೋಣಿಸಿ ಒತ್ತಿದಳು, ಮತ್ತೆ ಕಡಿಯಿತು. ಬಗ್ಗಿ ಕಾಲಿನ ಕಡೆ ನೋಡಿದಳು. ಎದುರಿಗೆ ನೆಲದ ಮೇಲೆ ತನ್ನ ಚಾಪೆ ಹಾಸಿರುವ ಜಾಗ ನೋಡಿದಳು.

‘ಇಲ್ಲಿಂದ ಎಂತದೂ ಕಾಣೂದಿಲ್ಲ’ ಎಂದಳು.

‘ಎಂತ ಕಾಣ್ಬೇಕಮ್ಮ?’

‘ಕಾಲು! ನಾ ಅಲ್ಲಿ ಕೂತ್ಕಂಡ್ರೆ ಕಣ್ಣಿನ ಸಮಕ್ಕೆ ಅವ್ರ ಕಾಲು ಕಾಣ್ತಿತ್ತು. ಅವ್ರ ಮುಖ ಯಾರು ನೋಡಿದಾರೆ, ಕತ್ತು ನೋಯ್ತದೆ. ಹೊಲ್ಕಣ್ತ ಹೊಲ್ಕಣ್ತ ಆ ಕಾಲೇ ನೋಡೂದು. ಹೆಬ್ಬೆರಳು ಒತ್ತಿದ್ರೆ ಖುಷಿಲ್ಲಿದ್ರು ಅಂತ. ಹಿಮ್ಮಡಿ ಒತ್ತಿದ್ರೆ ಅಂಗಡಿಲಿ ಎಂತೋ ಆಗಿದೆ ಅಂತ. ಈಗ ಇಲ್ಲಿ ನನ್ನ ಕಾಲೇ ಬಂದು ಕೂತಿದೆ ದರಿದ್ರದ್ದು! ಎಂಟು ದಿನ ಅಂದ್ರಲೆ, ಎಂಟೇ ದಿನ ಅಂದ್ರಲೆ, ಸುಳ್ಳುಬುರ್ಕ, ಕೊಡೂದಾದ್ರೆ ಇದ್ದಾಗ್ಲೇ ಕೊಡ್ಬೇಕಿತ್ತು, ಈಗ ಯಾರಿಗೆ ಬೇಕು ಈ ಹಾಳು ಸ್ಟ್ಯಾಂಡು...’

ಬೈಗುಳ ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಅಮ್ಮ ಮಿಷನ್ನಿನ ಮೇಲೆ ತಲೆಯಿಟ್ಟು, ಲುಂಗಿಯ ತುಂಡನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮಾಮ ಪಾನಾ ಹಿಡಿದುಕೊಂಡೇ ಅಂಗಳಕ್ಕೆ ಹೋದರು. ನಾನು ನೆಲದ ಮೇಲೆ ಕೂತು ಅವಳ ಕಾಲು ಹಿಡಿದುಕೊಂಡೆ, ಅವಳಿಗಿಂತ ಜೋರಾಗಿ ಅತ್ತೆನೆಂದು ಆಮೇಲೆ ಗೊತ್ತಾಯಿತು. ಮದುವೆಯ ದಿನ ಉಳಿಸಿಟ್ಟದ್ದೂ ಸೇರಿ ಬಂದಿರಬೇಕು. ಅತ್ತೆಯ ಆನಂದ ಹೇಳತೀರದು. ‘ಅತ್ಲು! ಅತ್ಲು!’ ಎಂದು ಕೂಗುತ್ತ ಹಿತ್ತಲಿಗೋಡಿ ಪಕ್ಕದ ಮನೆಗೆ ಸುದ್ದಿ ಮುಟ್ಟಿಸಿ, ಒಳಗೆ ಬಂದು ಎಲ್ಲರಿಗೂ ಚಹಾ ಇಟ್ಟಳು. ಮಧ್ಯಾಹ್ನದ ಬಸ್ಸಿಗೆ ಶಿರಾಲಿಗೆ ಹೊರಟಳು.

ನಾನೂ ಕುಮಟೆಗೆ ಬಂದೆ. ಮುಂದಿನ ರವಿವಾರ ಹೋದಾಗ ಅಮ್ಮ ಚಾಪೆಯ ಮೇಲೆ ಕೂತು, ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತ ಯಾರದೋ ರವಿಕೆ ಹೊಲಿಯುತ್ತಿದ್ದಳು. ಎದುರಿಗೆ ಸ್ಟ್ಯಾಂಡು, ಅದರ ಮೇಲೆ ಗಿಟಾರು. ಕ್ಲಚ್ ಕೇಬಲ್ಲುಗಳು ಮತ್ತೆ ಮೊದಲಿನಂತೆ ಪೆಡಲಿಗೆ ಇಳಿದಿದ್ದವು. ಮಾಮನಿಗೆ ಮತ್ತೆ ಅರ್ಧ ದಿನದ ಕೆಲಸ ಹಚ್ಚಿದ್ದಳಂತೆ, ಅವರು ಈಗಲೂ ಸಿಕ್ಕಿದಲ್ಲೆಲ್ಲ ಗೊಣಗುತ್ತಾರೆ.

‘ಇದೆಂತ ಅಮ್ಮ, ಸ್ಟ್ಯಾಂಡು ನಿಂಗೆ ಬೇಕು ಅಂದಿದ್ಯಲೆ?’ ಎಂದೆ.

ಅಮ್ಮ ತಲೆ ಎತ್ತಲಿಲ್ಲ. ಅವಳ ಕಣ್ಣು ಪೆಡಲಿನ ಮೇಲಿನ ಚಪ್ಪಲಿಯ ಮೇಲಿತ್ತು.

‘ಮತ್ತೆ ಕೇಳಿದ್ರು. ಎಂಟು ದಿನದ ಮಟ್ಟಿಗೆ ಕೊಟ್ಟಿದ್ದೆ’ ಎಂದು ಹಲ್ಲಿನಿಂದ ದಾರ ಕಡಿದಳು.